ನೋವಿಲ್ಲದ ಗಂಟು ರೋಗವೇ?

ಕುತ್ತಿಗೆಯ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡು ಕೂತಿರುವ ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟುವ ಕ್ಯಾನ್ಸರ್‌ಗಳ ಪೈಕಿ ಹೆಚ್ಚಾಗಿ ಕಾಣುವುದು ಪ್ಯಾಪಿಲರಿ ಕ್ಯಾನ್ಸರ್. ಅದರ ಗಂಟು ಒಂದು ಸೆಂಟಿಮೀಟರ್ ಮೀರದಿದ್ದರೆ ಮೈಕ್ರೊಕಾರ್ಸಿನೋಮ ಎನ್ನುತ್ತಾರೆ. 1985ರಲ್ಲಿ ಫಿನ್ಲೆಂಡಿನ ಸಂಶೋಧಕರು ಬೇರೆ ಬೇರೆ ಕಾರಣಗಳಿಂದ ಸತ್ತ 101 ಜನರ ಥೈರಾಯ್ಡ್‌ಗಳನ್ನು ತೆಳು ಹೋಳುಗಳಾಗಿ ಸೀಳಿ ನೋಡಿದರು. 36 ಜನರಲ್ಲಿ ಇಂಥ ಕ್ಯಾನ್ಸರ್ ಸಿಕ್ಕಿತು. ಹೋಳು ಇನ್ನೂ ತೆಳುವಾಗಿದ್ದರೆ ಇನ್ನೂ ಎಷ್ಟೋ ಸಿಗುತ್ತಿತ್ತು ಎಂದು ಅವರೇ ಲೆಕ್ಕ ಹಾಕಿ ಬರೆದರು. ಆ 36 ಜನರು ಬದುಕಿದ್ದಾಗ ಉಂಡು, ದುಡಿದು, ಜಗಳವಾಡಿ, ಬೇರೆ ಏನೋ ಆಗಿ ತೀರಿಕೊಂಡವರು. ಅವರನ್ನು ಕ್ಯಾನ್ಸರ್ ರೋಗಿಗಳಾಗಿದ್ದರು ಎನ್ನಬಹುದೇ?

ಪ್ರಶ್ನೆ ಸೂಕ್ಷ್ಮದರ್ಶಕದ್ದಾಗಿದ್ದರೆ ಉತ್ತರ ಸುಲಭ: ಜೀವಕೋಶಗಳ ಆಕಾರ ಕ್ಯಾನ್ಸರ್‌ನದೇ. ರೋಗ ಎಂದರೇನು ಎಂಬುದು ಪ್ರಶ್ನೆಯಾದರೆ ಅದು ತತ್ತ್ವಶಾಸ್ತ್ರಕ್ಕೆ ಬರುತ್ತದೆ. ಫ್ರಾನ್ಸಿನ ಶಸ್ತ್ರಚಿಕಿತ್ಸಕ ರೆನೆ ಲೆರಿಶ್ (1879–1955) ಎರಡು ಕಡೆಗೂ ವಾಲುವ ಮಾತು ಆಡಿದ್ದರು. ಅಂಗಾಂಗಗಳು ತಮ್ಮ ಇರುವಿಕೆಯನ್ನೇ ತಿಳಿಸದೆ ಇರುವ ಸ್ಥಿತಿ ಆರೋಗ್ಯ ಎಂದರು; ಜೊತೆಗೆ, ರೋಗವನ್ನು ನಿರ್ಧರಿಸುವಾಗ ರೋಗಿಯ ಅನುಭವವನ್ನು ಬದಿಗಿಟ್ಟು ಅಂಗಾಂಶದ ಕೆಡುಕನ್ನು ನೋಡಬೇಕು ಎಂದೂ ಹೇಳಿದರು. 1943ರಲ್ಲಿ ತತ್ತ್ವಶಾಸ್ತ್ರಜ್ಞ ಜಾರ್ಜ್ ಕಾಂಗಿಲೆಮ್ ಈ ಎರಡನೆಯ ಮಾತು ಎಲ್ಲಿಗೆ ಒಯ್ಯುತ್ತದೆ ಎಂದು ತೋರಿಸಿದರು. ಒಬ್ಬನ ಶವಪರೀಕ್ಷೆಯಲ್ಲಿ ಅವನಿಗೇ ಗೊತ್ತಿಲ್ಲದ ಮೂತ್ರಪಿಂಡದ ಕ್ಯಾನ್ಸರ್ ಸಿಗುತ್ತದೆ ಎಂದುಕೊಳ್ಳೋಣ. ರೋಗ ಇತ್ತು ಎಂದು ಹೇಳಬೇಕಾಗುತ್ತದೆ, ಆದರೆ ಅದು ಯಾರದು? ಹೆಣಕ್ಕೆ ರೋಗವಿಲ್ಲ, ಬದುಕಿದ್ದವನಿಗೆ ಅದರ ಸುಳಿವೇ ಇರಲಿಲ್ಲ. ಕಾಂಗಿಲೆಮ್ ಅವರ ವಾದದ ಪ್ರಕಾರ, ವೈದ್ಯಶಾಸ್ತ್ರ ಹುಟ್ಟಿದ್ದೇ ಯಾರೋ ಒಬ್ಬ ಮೊದಲು ನರಳಿದ್ದರಿಂದ. ಇವತ್ತು ವೈದ್ಯ ರೋಗಿಗಿಂತ ಮುಂಚೆ ರೋಗವನ್ನು ಗುರುತಿಸಬಲ್ಲನಾದರೆ ಅದಕ್ಕೆ ಕಾರಣ, ಹಿಂದೆ ನರಳಿದವರು ಅವನಿಗೆ ಕಲಿಸಿಕೊಟ್ಟಿದ್ದು.

ಈ ಚರ್ಚೆಗೆ ದಾರ್ಶನಿಕರಿಗಿಂತ ಹೆಚ್ಚು ಸಾಮಗ್ರಿ ಒದಗಿಸಿದವರು ಥೈರಾಯ್ಡ್ ಮತ್ತು ಅದರ ಹಿಂದೆ ಅಂಟಿಕೊಂಡ ಪ್ಯಾರಾಥೈರಾಯ್ಡ್ ಗ್ರಂಥಿಗಳ ಮೇಲೆ ಕೆಲಸ ಮಾಡಿದ ಶಸ್ತ್ರಚಿಕಿತ್ಸಕರು. ಒಂದೇ ಅಂಗೈ ಅಗಲದ ಜಾಗದಲ್ಲಿ ಇವೆರಡೂ ಇವೆ. ಒಂದನ್ನು ಗುಣಪಡಿಸಲು ಹೋದರೆ ಇನ್ನೊಂದು ಕೆಡಬಹುದು. ಪ್ಯಾರಾಥೈರಾಯ್ಡ್‌ಗಳು ಸಾಮಾನ್ಯವಾಗಿ ನಾಲ್ಕು. ಒಂದೊಂದರ ತೂಕ 30ರಿಂದ 40 ಮಿಲಿಗ್ರಾಂ. ಬಣ್ಣ ಹಳದಿ ಬೆರೆತ ಕಂದು, ಪಕ್ಕದ ಕೊಬ್ಬಿನ ತುಣುಕಿನಿಂದ ಬೇರ್ಪಡಿಸಿ ನೋಡಲು ಪಳಗಿದ ಕಣ್ಣೇ ಬೇಕು. ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಖಡ್ಗಮೃಗವೊಂದನ್ನು 1850ರ ಸುಮಾರಿಗೆ ಕೊಯ್ದು ನೋಡಿದ ರಿಚರ್ಡ್ ಓವನ್ ಈ ಗ್ರಂಥಿಯನ್ನು ಮೊದಲು ವರ್ಣಿಸಿದರು. ಮನುಷ್ಯರಲ್ಲಿ ಅದು ಇದೆಯೆಂದು 1880ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ಉಪ್ಸಾಲದ ಐವಾರ್ ಸ್ಯಾಂಡ್‌ಸ್ಟ್ರೋಮ್. ಆಗ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಮಾತ್ರ ಅಷ್ಟರಲ್ಲಾಗಲೇ ಯುರೋಪಿನ ಆಪರೇಷನ್ ಕೋಣೆಗಳಲ್ಲಿ, ಕಾರಣ ತಿಳಿಯದೆಯೇ, ಕಾಣತೊಡಗಿತ್ತು.

ಸ್ವಿಟ್ಜರ್ಲೆಂಡಿನ ಬೆಟ್ಟದ ಸೀಮೆಯಲ್ಲಿ ಮಣ್ಣು, ನೀರಿನಲ್ಲಿ ಅಯೋಡಿನ್ ಕಡಿಮೆ; ಗಳಗಂಡ ಆಗ ಮನೆಮನೆಯ ಕಾಯಿಲೆಯಾಗಿತ್ತು. ಬೆರ್ನ್ ನಗರದ ಥಿಯೊಡೋರ್ ಕೋಚರ್ (1841–1917) ಊದಿದ ಥೈರಾಯ್ಡನ್ನು ಪೂರ್ತಿಯಾಗಿ, ರಕ್ತ ಹೆಚ್ಚು ಚೆಲ್ಲದಂತೆ, ನಿಧಾನವಾಗಿ ಬಿಡಿಸಿ ತೆಗೆಯುವುದರಲ್ಲಿ ಹೆಸರಾದರು. 1874ರಲ್ಲಿ ಅವರು 11 ವರ್ಷದ ಒಬ್ಬ ಹುಡುಗಿಯ ಗ್ರಂಥಿಯನ್ನು ಪೂರಾ ತೆಗೆದರು. ಗಾಯ ಚೆನ್ನಾಗಿ ಮಾಗಿತು. ದಾಖಲೆಯ ಪ್ರಕಾರ ಅವಳು ಗುಣವಾದವಳು. ಆದರೆ ಅವಳನ್ನು ಕಳಿಸಿಕೊಟ್ಟಿದ್ದ ಊರ ವೈದ್ಯರಿಗೆ ಅವಳು ಬದಲಾಗಿದ್ದು ಕಂಡಿತು: ಬೆಳವಣಿಗೆ ನಿಂತಿದೆ, ಮುಖ ಊದಿದೆ, ಮಾತು ಮಂದ, ಬುದ್ಧಿ ಮಂದ. ಆಪರೇಷನ್‌ಗೆ ಮುಂಚೆ ಅವಳನ್ನು ತಂಗಿಯೆಂದೂ ತಂಗಿಯನ್ನು ಅವಳೆಂದೂ ಜನ ತಪ್ಪು ತಿಳಿಯುತ್ತಿದ್ದರಂತೆ. ಕೆಲವೇ ವರ್ಷಗಳಲ್ಲಿ ತಂಗಿ ಬೆಳೆದು ದೊಡ್ಡವಳಾದಳು. ಅಕ್ಕ ಕುಳ್ಳಿಯಾಗಿಯೇ ಉಳಿದಳು.

1882ರಲ್ಲಿ ಜಿನೀವಾದ ಶಸ್ತ್ರಚಿಕಿತ್ಸಕ ಜಾಕ್-ಲೂಯಿ ರೆವರ್ಡಿನ್ ತಮ್ಮ ರೋಗಿಗಳಲ್ಲೂ ಇಂಥದ್ದೇ ನೋಡಿದ್ದಾಗಿ ಕೋಚರ್‌ಗೆ ತಿಳಿಸಿದರು. ಕೋಚರ್ ತಮ್ಮ ಹಳೆಯ ರೋಗಿಗಳನ್ನೆಲ್ಲ ಹುಡುಕಿಸಿ ವಾಪಸು ಕರೆಸಿದರು. ಪೂರ್ತಿ ಗ್ರಂಥಿ ಕಳೆದುಕೊಂಡವರಲ್ಲಿ ಪರೀಕ್ಷೆಗೆ ಸಿಕ್ಕವರು 18 ಜನ; 16 ಜನ ಹಾಳಾಗಿದ್ದರು. 1883ರ ಏಪ್ರಿಲ್‌ನಲ್ಲಿ ಬರ್ಲಿನ್ನಿನ ಶಸ್ತ್ರಚಿಕಿತ್ಸಕರ ಸಮಾವೇಶದಲ್ಲಿ ಅವರು ಈ ಲೆಕ್ಕವನ್ನು ಎಲ್ಲರ ಮುಂದಿಟ್ಟು, ಸಾಧಾರಣ ಗಳಗಂಡಕ್ಕೆ ಪೂರ್ತಿ ಥೈರಾಯ್ಡ್ ತೆಗೆಯುವುದನ್ನು ನಿಲ್ಲಿಸಿದರು. ಕೋಚರ್ ಮೊರೇವಿಯನ್ ಪಂಥದ ಶ್ರದ್ಧಾವಂತ ಕ್ರೈಸ್ತರು. ಜೀವನಚರಿತ್ರೆ ಬರೆದವರು ಅವರ ಪ್ರಾರ್ಥನೆ, ನಿಯಮಗಳ ಬಗ್ಗೆ ಬಹಳ ಹೇಳುತ್ತಾರೆ. ಧರ್ಮದ ದೃಷ್ಟಿಯಿಂದ ನೋಡಿದರೂ ಅವರ ಪ್ರಾರ್ಥನೆಗಿಂತ ಆ ಪಟ್ಟಿಯೇ ಹೆಚ್ಚು ಮಾತಾಡುತ್ತದೆ. ತನ್ನ ಕೈಯಿಂದ ಆದದ್ದು ತನ್ನ ಕಣ್ಣಿಂದ ಮರೆಯಾದ ಮೇಲೆ ಏನಾಯಿತೆಂದು ಹುಡುಕಿಕೊಂಡು ಹೋಗುವುದು, ಸಿಕ್ಕಿದ್ದನ್ನು ಮುಚ್ಚಿಡದೆ ಹೇಳುವುದು: ಕರ್ಮಫಲವನ್ನು ಒಪ್ಪಿಕೊಳ್ಳುವುದಕ್ಕೆ ವೈದ್ಯನಿಗೆ ಇದಕ್ಕಿಂತ ಪ್ರಾಮಾಣಿಕ ದಾರಿ ಇರಲಾರದು. 1909ರಲ್ಲಿ ನೊಬೆಲ್ ಬಹುಮಾನ ಪಡೆದ ಮೊದಲ ಶಸ್ತ್ರಚಿಕಿತ್ಸಕ ಅವರಾದರು.

ಅದೇ ಕಾಲದಲ್ಲಿ ವಿಯೆನ್ನಾದ ಥಿಯೊಡೋರ್ ಬಿಲ್ರೋತ್ ಅವರ ರೋಗಿಗಳಿಗೆ ಬೇರೆಯದೇ ಪಾಡು. ಆಪರೇಷನ್ ಆಗಿ ಒಂದೆರಡು ದಿನಕ್ಕೆ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. ಆಮೇಲೆ ಕೈಕಾಲು ಸೆಟೆತ. ಕೆಲವರು ಅದರಲ್ಲೇ ಸತ್ತರು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಮುಂದೆ ಈ ವ್ಯತ್ಯಾಸಕ್ಕೆ ಕೊಟ್ಟ ವಿವರಣೆ ಸ್ವಾರಸ್ಯಕರವಾಗಿದೆ. ಕೋಚರ್ ಅಚ್ಚುಕಟ್ಟಿನ ಮನುಷ್ಯ. ಥೈರಾಯ್ಡಿನ ಚೂರೂ ಬಿಡದೆ, ಅದರ ಹೊದಿಕೆಯ ಆಚೆಗಿನದನ್ನು ಮುಟ್ಟದೆ ತೆಗೆಯುತ್ತಿದ್ದರು. ಅವರ ರೋಗಿಗೆ ಥೈರಾಯ್ಡ್ ಇಲ್ಲ, ಪ್ಯಾರಾಥೈರಾಯ್ಡ್ ಉಂಟು. ಬಿಲ್ರೋತ್ ಅವಸರದ ಕೈ. ಥೈರಾಯ್ಡಿನ ತುಣುಕು ಉಳಿಸಿ, ಅಕ್ಕಪಕ್ಕದ ಪ್ಯಾರಾಥೈರಾಯ್ಡನ್ನೋ ಅದರ ರಕ್ತನಾಳವನ್ನೋ ಹಾಳು ಮಾಡುತ್ತಿದ್ದರು. ಹೀಗೆ ಶಸ್ತ್ರಚಿಕಿತ್ಸಕನ ಸ್ವಭಾವವೇ ರೋಗಿಯ ಕಾಯಿಲೆಯಾಯಿತು. ಸೆಟೆತಕ್ಕೂ ರಕ್ತದ ಕ್ಯಾಲ್ಸಿಯಂ ಕುಸಿತಕ್ಕೂ ಇರುವ ನಂಟನ್ನು ಮೆಕ್ಯಾಲಂ ಮತ್ತು ಫೊಗ್ಟ್ಲಿನ್ 1909ರಲ್ಲಿ ತೋರಿಸಿದರು. ಇಂದಿಗೂ ಥೈರಾಯ್ಡ್ ತೆಗೆದ ಮಾರನೆಯ ದಿನ ವಾರ್ಡಿನಲ್ಲಿ ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು ಮೂರು ನಿಮಿಷ ಕಾಯುವುದುಂಟು. ಕ್ಯಾಲ್ಸಿಯಂ ಇಳಿದಿದ್ದರೆ ರೋಗಿಯ ಮಣಿಕಟ್ಟು ತಾನಾಗಿ ಬಾಗುತ್ತದೆ, ಹೆಬ್ಬೆರಳು ಅಂಗೈಗೆ ಸೇರುತ್ತದೆ, ಉಳಿದ ಬೆರಳುಗಳು ಚಾಚಿಕೊಂಡು ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಕೈ ಬಿಡಿಸಲು ಅವನಿಗೇ ಆಗುವುದಿಲ್ಲ.

ಇತಿಹಾಸದ ಈ ಪುಟದಿಂದ ಬರುವ ಮೊದಲ ತಾತ್ತ್ವಿಕ ಪಾಠ ಇಷ್ಟು: ರೋಗವನ್ನು ಅಂಗದಿಂದ ಕಿತ್ತು ಹಾಕಿದರೂ ಅದು ಮನುಷ್ಯನಿಂದ ಹೋಗಿರಬೇಕೆಂದೇನಿಲ್ಲ. ಗುಣವಾಯಿತೇ ಎಂಬ ಪ್ರಶ್ನೆಗೆ ಆಪರೇಷನ್ ಟೇಬಲ್ಲಿನ ಮೇಲೆ ಉತ್ತರವಿಲ್ಲ. ಅದು ವರ್ಷಗಳ ನಂತರ, ತಂಗಿಯ ಪಕ್ಕದಲ್ಲಿ ನಿಂತ ಅಕ್ಕನಲ್ಲಿ ಇದೆ.

ಪ್ಯಾರಾಥೈರಾಯ್ಡ್ ಕಾಯಿಲೆಗಳ ಸಂಶೋಧನೆ ಕಾರ್ಯಕಾರಣದ ಬಗ್ಗೆ ಕಲಿಸಿದ್ದು ಬೇರೆ. ಮೂಳೆ ಕರಗಿ, ಮುರಿದು, ನರಳುವ ರೋಗಿಗಳಲ್ಲಿ ಈ ಗ್ರಂಥಿ ದಪ್ಪಗಾಗಿರುವುದನ್ನು ವಿಯೆನ್ನಾದ ಯಾಕೋಬ್ ಎರ್ಡ್‌ಹೈಮ್ 20ನೇ ಶತಮಾನದ ಆರಂಭದಲ್ಲೇ ಕಂಡಿದ್ದರು. ಮೂಳೆ ಕೆಟ್ಟಿದೆ, ಅದನ್ನು ಸರಿಪಡಿಸಲು ಗ್ರಂಥಿ ಬೆಳೆದಿದೆ ಎಂದು ಅವರು ಅರ್ಥ ಮಾಡಿಕೊಂಡರು. ಅದನ್ನು ನಂಬಿಯೇ ಫೆಲಿಕ್ಸ್ ಮಾಂಡ್ಲ್ ಎಂಬ ಶಸ್ತ್ರಚಿಕಿತ್ಸಕ ಒಬ್ಬ ಟ್ರಾಮ್ ಕಂಡಕ್ಟರನಿಗೆ ಮೊದಲು ಪ್ಯಾರಾಥೈರಾಯ್ಡ್ ಸಾರ ಕೊಟ್ಟರು, ಆಮೇಲೆ ಅಪಘಾತದಲ್ಲಿ ಸತ್ತವನೊಬ್ಬನ ಗ್ರಂಥಿಯನ್ನು ಕಸಿ ಮಾಡಿದರು. ಉಪಯೋಗವಾಗಲಿಲ್ಲ. ಕೊನೆಗೆ 1925ರ ಜುಲೈನಲ್ಲಿ ಉಲ್ಟಾ ಯೋಚಿಸಿ, ದಪ್ಪಗಾದ ಗ್ರಂಥಿಯನ್ನೇ ತೆಗೆದುಹಾಕಿದರು. ನಡೆಯಲಾರದವನು ಕೋಲೂರಿ ನಡೆದ. ಕೆಲವು ವರ್ಷಗಳ ಮೇಲೆ ಕಾಯಿಲೆ ಮರುಕಳಿಸಿತಾದರೂ, ಕಾರಣ ಯಾವುದು ಕಾರ್ಯ ಯಾವುದು ಎಂಬುದು ತೀರ್ಮಾನವಾಗಿತ್ತು. ಎರಡು ಸಂಗತಿಗಳು ಒಟ್ಟಿಗೆ ಕಂಡವು ಎಂಬುದರಿಂದ ಯಾವುದು ಯಾವುದಕ್ಕೆ ಕಾರಣ ಎಂದು ತಿಳಿಯುವುದಿಲ್ಲ. ಒಂದನ್ನು ತೆಗೆದು ಇನ್ನೊಂದು ಹೋಗುತ್ತದೆಯೇ ಎಂದು ನೋಡಬೇಕು. ನೈಯಾಯಿಕರ ಅನ್ವಯ–ವ್ಯತಿರೇಕದಲ್ಲಿ (ಒಂದಿದ್ದರೆ ಇನ್ನೊಂದು ಇರುವುದು, ಇಲ್ಲದಿದ್ದರೆ ಇಲ್ಲದಿರುವುದು) ವ್ಯತಿರೇಕದ ಭಾಗವನ್ನು ಇಲ್ಲಿ ಚಾಕು ನೆರವೇರಿಸಿತು.

ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಅವರದು ಇದೇ ಕಾಯಿಲೆ. ಮೂಳೆ ಕುಸಿದು ಅವರ ಎತ್ತರ ಏಳು ಇಂಚು ಕಡಿಮೆಯಾಗಿತ್ತು. ಆರು ಸಲ ಕೊಯ್ದರೂ ಗಡ್ಡೆ ಸಿಗಲಿಲ್ಲ. ತಾವೇ ಅಂಗರಚನೆಯ ಪುಸ್ತಕಗಳನ್ನು ಓದಿ, ಎದೆಯೊಳಗೆ ಹುಡುಕಿ ಎಂದು ಒತ್ತಾಯಿಸಿದರು. 1932ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಏಳನೆಯ ಆಪರೇಷನ್‌ನಲ್ಲಿ ಅದು ಎದೆಗೂಡಿನಲ್ಲೇ ಸಿಕ್ಕಿತು. ಆರು ವಾರಗಳ ಮೇಲೆ, ಮೂತ್ರದ ಕಲ್ಲಿನ ಇನ್ನೊಂದು ಆಪರೇಷನ್ ನಂತರ, ಅವರು ತೀರಿಕೊಂಡರು. ಕಾರಣ ತಿಳಿದಿದ್ದರೂ ಕಾಲ ಮೀರಬಹುದು.

ಈಗ ಈ ಗ್ರಂಥಿಯ ಮಟ್ಟಿಗೆ ಸಾಕ್ಷ್ಯ ಬಹಳ ಬೇಗ ಸಿಗುತ್ತದೆ. ಅದರ ಹಾರ್ಮೋನು ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುವ ಜಾತಿಯದು. ಮಯಾಮಿಯ ಶಸ್ತ್ರಚಿಕಿತ್ಸಕ ಜಾರ್ಜ್ ಅರ್ವಿನ್ 1990ರ ದಶಕದ ಆರಂಭದಲ್ಲಿ ರೂಢಿಗೆ ತಂದ ಕ್ರಮದಂತೆ, ಕೆಟ್ಟ ಗ್ರಂಥಿಯನ್ನು ತೆಗೆದು ಹತ್ತು ನಿಮಿಷಕ್ಕೆ ರಕ್ತ ಪರೀಕ್ಷಿಸುತ್ತಾರೆ. ಹಾರ್ಮೋನು ಅರ್ಧಕ್ಕಿಂತ ಕೆಳಗೆ ಬಿದ್ದಿದ್ದರೆ ಕುತ್ತಿಗೆ ಹೊಲಿಯಬಹುದು. ಹತ್ತು ನಿಮಿಷದಲ್ಲಿ ನಿಜ ಹೇಳುವ ಅಂಗ ಇದೊಂದೇ ಇರಬೇಕು. ಅದರ ಮೈಗೇ ಅಂಟಿದ ಥೈರಾಯ್ಡಿನ ಸಣ್ಣ ಕ್ಯಾನ್ಸರ್ ನಿಜ ಹೇಳಲು ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಉಳಿದ ಕಥೆಯೆಲ್ಲ ಈ ಅಂತರದಲ್ಲಿದೆ.

1970ರ ದಶಕದಲ್ಲಿ ಒಂದೇ ರಕ್ತದ ಮಾದರಿಯಲ್ಲಿ ಹತ್ತಾರು ಅಂಶಗಳನ್ನು ತಾನಾಗಿ ಅಳೆಯುವ ಯಂತ್ರಗಳು ಪಾಶ್ಚಾತ್ಯ ಆಸ್ಪತ್ರೆಗಳಿಗೆ ಬಂದವು. ಯಾರೂ ಕೇಳದ ಕ್ಯಾಲ್ಸಿಯಂ ಲೆಕ್ಕವೂ ಚೀಟಿಯಲ್ಲಿ ಬರತೊಡಗಿತು. ಮೂಳೆ ಮುರಿದು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿ ಬರುತ್ತಿದ್ದ ಪ್ಯಾರಾಥೈರಾಯ್ಡಿನ ಅಪರೂಪದ ರೋಗ, ಏನೂ ತೊಂದರೆ ಇಲ್ಲದವರ ಸಾಮಾನ್ಯ ರೋಗವಾಗಿ ಮಾರ್ಪಟ್ಟಿತು. ಅವರೆಲ್ಲರ ಕುತ್ತಿಗೆ ಕೊಯ್ಯಬೇಕೇ? 1990ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನು ಸೇರಿಸಿ ಯಾರಿಗೆ ಆಪರೇಷನ್, ಯಾರನ್ನು ನೋಡುತ್ತಿರಬಹುದು ಎಂದು ಗೆರೆ ಎಳೆಯಿತು. 50 ವರ್ಷದೊಳಗಿನವರಿಗೆ, ಕ್ಯಾಲ್ಸಿಯಂ ತೀರ ಏರಿದವರಿಗೆ, ಮೂಳೆ ಸವೆದವರಿಗೆ ಆಪರೇಷನ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರು ಆಪರೇಷನ್ ಇಲ್ಲದೆ 15 ವರ್ಷ ಹಿಂಬಾಲಿಸಿ ನೋಡಿದವರಲ್ಲಿ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಜನರಿಗೆ ಕಾಯಿಲೆ ಮುಂದುವರಿದಿತ್ತು. ಭಾರತದಲ್ಲಿ ಚಿತ್ರವೇ ಬೇರೆ. ಚಂಡೀಗಢ, ಲಕ್ನೋ, ದೆಹಲಿಯ ಆಸ್ಪತ್ರೆಗಳು ಬಹುಕಾಲ ವರದಿ ಮಾಡಿದ್ದು ಮೂಳೆನೋವು, ಮೂಳೆಮುರಿತ, ದವಡೆಯಲ್ಲಿ ಗಡ್ಡೆ ಇರುವ, ತಡವಾಗಿ ಬಂದ ರೋಗಿಗಳನ್ನೇ. ಒಂದು ದೇಶದಲ್ಲಿ ಪ್ರಯೋಗಾಲಯದ ಅಂಕಿಯಾಗಿರುವುದು ಇನ್ನೊಂದರಲ್ಲಿ ಹಾಸಿಗೆ ಹಿಡಿಸುವ ಸಂಕಟ. ಎರಡಕ್ಕೂ ಹೆಸರು ಒಂದೇ.

ಥೈರಾಯ್ಡ್ ಕಡೆ ರಕ್ತಪರೀಕ್ಷೆಯ ಯಂತ್ರ ಮಾಡಿದ ಕೆಲಸವನ್ನು ಅಲ್ಟ್ರಾಸೌಂಡ್ ಮಾಡಿತು. ಮೂರು ಮಿಲಿಮೀಟರಿನ ಗಂಟೂ ಪರದೆಯ ಮೇಲೆ ಕಾಣುತ್ತದೆ, ಅದಕ್ಕೆ ಸೂಜಿ ಚುಚ್ಚಿ ಜೀವಕೋಶ ತೆಗೆಯಲೂ ಬರುತ್ತದೆ. ಸಿಕ್ಕಿದ್ದು ಕ್ಯಾನ್ಸರ್ ಆದರೆ ತೆಗೆಯಬೇಕು ಎಂಬುದು ಆಗ ಎಲ್ಲರೂ ಒಪ್ಪಿದ್ದ ನ್ಯಾಯ. ಈ ನ್ಯಾಯದ ಹಿಂದೆ ಹೇಳದೇ ಉಳಿದ ಒಂದು ಸಿದ್ಧಾಂತವಿದೆ. ಭಾರತೀಯ ದರ್ಶನಗಳಲ್ಲಿ ಅದಕ್ಕೆ ಸತ್ಕಾರ್ಯವಾದ ಎಂದು ಹೆಸರು: ಕಾರ್ಯವು ಹುಟ್ಟುವ ಮುನ್ನವೇ ಕಾರಣದಲ್ಲಿ ಇರುತ್ತದೆ. ಎಳ್ಳಿನಲ್ಲಿ ಎಣ್ಣೆ ಇದೆ, ಅದಕ್ಕೇ ಎಳ್ಳನ್ನು ಅರೆದರೆ ಎಣ್ಣೆ ಬರುತ್ತದೆ, ಮರಳನ್ನು ಅರೆದರೆ ಬರುವುದಿಲ್ಲ ಎಂಬುದು ಸಾಂಖ್ಯರ ಉದಾಹರಣೆ. ಹಾಗೆ, ಐದು ಮಿಲಿಮೀಟರಿನ ಗಂಟಿನಲ್ಲಿ ಮುಂದೆ ಕೊಲ್ಲಲಿರುವ ದೊಡ್ಡ ಕ್ಯಾನ್ಸರ್ ಅಡಗಿ ಕೂತಿದೆ. ಬೇಗ ತೆಗೆದಷ್ಟೂ ಕ್ಷೇಮ. ಸುಶ್ರುತ ಸಂಹಿತೆಯ ಆರು ಕ್ರಿಯಾಕಾಲಗಳ ಕಲ್ಪನೆಯೂ ಇದೇ ದಿಕ್ಕಿನದು: ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ ಎಂಬ ನಾಲ್ಕು ಹಂತ ದಾಟಿದ ಮೇಲಷ್ಟೇ ಐದನೆಯದಾದ ‘ವ್ಯಕ್ತಿ’ ಎಂಬ ಹಂತದಲ್ಲಿ ರೋಗ ತಲೆದೋರುತ್ತದೆ, ಜಾಣ ವೈದ್ಯ ಮೊದಲ ಹಂತದಲ್ಲೇ ಹಿಡಿಯುತ್ತಾನೆ. ನ್ಯಾಯ–ವೈಶೇಷಿಕರು ಇದನ್ನು ಒಪ್ಪುವವರಲ್ಲ. ಕಾರ್ಯ ಹೊಸದಾಗಿ ಆರಂಭವಾಗುತ್ತದೆ, ಹುಟ್ಟುವ ಮೊದಲು ಅದರ ಅಭಾವವೇ ಇತ್ತು ಎಂಬುದು ಅವರ ವಾದ. ಅವರ ಲೆಕ್ಕದಲ್ಲಿ ಚಿಕ್ಕ ಗಂಟು ಚಿಕ್ಕ ಗಂಟೇ. ದೊಡ್ಡ ರೋಗವಾಗಬೇಕಾದರೆ ಇನ್ನೂ ಏನೇನೋ ಕೂಡಬೇಕು, ಕೂಡದೆಯೂ ಇರಬಹುದು.

ಜಪಾನಿನ ಕೋಬೆ ನಗರದಲ್ಲಿ ಥೈರಾಯ್ಡ್‌ಗೆಂದೇ ಇರುವ ಕುಮಾ ಆಸ್ಪತ್ರೆಯಲ್ಲಿ ಈ ವಿವಾದ ಪ್ರಯೋಗಕ್ಕೆ ಒಳಗಾಯಿತು. ಶಸ್ತ್ರಚಿಕಿತ್ಸಕ ಅಕಿರಾ ಮಿಯಾವುಚಿ 1993ರಲ್ಲಿ ಅಲ್ಲಿನ ವೈದ್ಯರ ಮುಂದೆ ಒಂದು ಸಲಹೆ ಇಟ್ಟರು. ಶವಪರೀಕ್ಷೆಯಲ್ಲಿ ಇಷ್ಟೊಂದು ಕ್ಯಾನ್ಸರ್ ಸಿಗುತ್ತದೆ. ಸ್ಕ್ಯಾನ್ ಮಾಡಿದರೆ ಆರೋಗ್ಯವಂತ ಹೆಂಗಸರಲ್ಲೂ ನೂರಕ್ಕೆ ಮೂವರಲ್ಲಿ ಸಿಗುತ್ತದೆ. ಥೈರಾಯ್ಡ್ ಕ್ಯಾನ್ಸರ್‌ನಿಂದ ಸಾಯುವವರು ಮಾತ್ರ ಬೆರಳೆಣಿಕೆ. ಹಾಗಿದ್ದಮೇಲೆ ಬಹುಪಾಲು ಗಂಟುಗಳು ಸುಮ್ಮನೇ ಇರುತ್ತವೆ. ಒಂದು ಸೆಂಟಿಮೀಟರ್ ಒಳಗಿನ, ಅಪಾಯದ ಲಕ್ಷಣವಿಲ್ಲದ ಕ್ಯಾನ್ಸರ್‌ಗಳನ್ನು ಕೊಯ್ಯದೆ ನೋಡುತ್ತಾ ಹೋಗೋಣ: ಮೊದಲು ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್. ಮೂರು ಮಿಲಿಮೀಟರ್ ಬೆಳೆದರೆ ಅಥವಾ ಕುತ್ತಿಗೆಯ ದುಗ್ಧಗ್ರಂಥಿಗೆ ಹರಡಿದರೆ ಆಗ ಆಪರೇಷನ್. ಟೋಕಿಯೊದ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಆಸ್ಪತ್ರೆ ಎರಡು ವರ್ಷದ ನಂತರ ಇದೇ ಹಾದಿ ಹಿಡಿಯಿತು.

ಕೊಯ್ಯುವುದೇ ಕಸುಬಾದವನು ಕೊಯ್ಯಬೇಡಿ ಎಂದದ್ದಕ್ಕೆ ಬೆಲೆ ಬಂದಿದ್ದು ಅಂಕಿಗಳಿಂದ. 2014ರಲ್ಲಿ ಕುಮಾ ಆಸ್ಪತ್ರೆ ಪ್ರಕಟಿಸಿದ 1,235 ಜನರ ವರದಿಯಲ್ಲಿ, ಹತ್ತು ವರ್ಷಗಳಲ್ಲಿ ಗಂಟು ಗಮನಾರ್ಹವಾಗಿ ಬೆಳೆದದ್ದು ಶೇ. 8ರಷ್ಟು ಜನರಲ್ಲಿ, ದುಗ್ಧಗ್ರಂಥಿಗೆ ಹರಡಿದ್ದು ಶೇ. 3.8ರಷ್ಟು ಜನರಲ್ಲಿ. ಥೈರಾಯ್ಡ್ ಕ್ಯಾನ್ಸರ್‌ನಿಂದ ಯಾರೂ ಸಾಯಲಿಲ್ಲ. ತಡವಾಗಿ ಆಪರೇಷನ್ ಮಾಡಿಸಿಕೊಂಡವರಿಗೂ ತಡವಾಯಿತೆಂಬ ನಷ್ಟ ಕಾಣಲಿಲ್ಲ. 2016ರಲ್ಲಿ ಕೂಡಲೇ ಕೊಯ್ಸಿಕೊಂಡವರನ್ನೂ ಕಾದವರನ್ನೂ ಹೋಲಿಸಿದಾಗ, ಪ್ಯಾರಾಥೈರಾಯ್ಡ್ ತಾತ್ಕಾಲಿಕವಾಗಿ ಸೋತು ಕ್ಯಾಲ್ಸಿಯಂ ಕುಸಿದವರು ಮೊದಲ ಗುಂಪಿನಲ್ಲಿ ಶೇ. 16.7, ಎರಡನೆಯದರಲ್ಲಿ ಶೇ. 2.8. ಬಿಲ್ರೋತ್ ಕಾಲದ ಸೆಟೆತ ಇಂದಿಗೂ ಕ್ಯಾನ್ಸರ್ ಚಿಕಿತ್ಸೆಯ ಸುಂಕವಾಗಿ ಉಳಿದಿದೆ ಎಂದರ್ಥ.

ಸತ್ಕಾರ್ಯವಾದ ಇಲ್ಲಿ ಪೂರ್ತಿ ಸೋತಿತು ಎನ್ನುವಂತಿಲ್ಲ. ಇರುವುದೆಲ್ಲ ಪ್ರಕಟವಾಗಲೇಬೇಕೆಂದು ಸಾಂಖ್ಯರೂ ಹೇಳಲಿಲ್ಲ. ಅಭಿವ್ಯಕ್ತಿಗೆ ಅನುಕೂಲ ಬೇಕು, ಅಡ್ಡಿ ಹೋಗಬೇಕು. ಕುಮಾ ಆಸ್ಪತ್ರೆಯ ಮುಂದಿನ ಲೆಕ್ಕಗಳಲ್ಲಿ ಅಂಥ ಒಂದು ಅನುಕೂಲ ಯಾವುದೆಂದು ಕಾಣುತ್ತದೆ: ವಯಸ್ಸು. ಇಪ್ಪತ್ತರ ಹರೆಯದಲ್ಲಿ ಪತ್ತೆಯಾದ ಗಂಟು ಜೀವಮಾನದಲ್ಲಿ ಎಂದಾದರೂ ಮುಂದುವರಿಯುವ ಸಂಭವ ಸುಮಾರು ಅರ್ಧಕ್ಕರ್ಧ. ಎಪ್ಪತ್ತರಲ್ಲಿ ಪತ್ತೆಯಾದದ್ದಕ್ಕೆ ಶೇ. 3.5. ಉಳಿದ ಬಹುಪಾಲು ಕ್ಯಾನ್ಸರ್‌ಗಳಲ್ಲಿ ಮುಪ್ಪು ಅಪಾಯ ಹೆಚ್ಚಿಸುತ್ತದೆ, ಇಲ್ಲಿ ತದ್ವಿರುದ್ಧ. ಗಾಜಿನ ಮೇಲಿಟ್ಟು ನೋಡಿದರೆ ಇಬ್ಬರ ಜೀವಕೋಶವೂ ಒಂದೇ. ವ್ಯತ್ಯಾಸ ಇರುವುದು ಆ ಗಂಟನ್ನು ಹೊತ್ತವರ ಬದುಕಿನ ಉಳಿದ ಅವಧಿಯಲ್ಲಿ. ಅಂದಮೇಲೆ ರೋಗ ಎಂಬುದನ್ನು ಅಂಗಾಂಶದ ಗುಣ ಎಂದಷ್ಟೇ ಹೇಳುವ ಲೆರಿಶ್ ಅವರ ಎರಡನೆಯ ಮಾತು ಸಾಲದು. ಅನುಭವವೇ ರೋಗ ಎನ್ನುವ ಕಾಂಗಿಲೆಮ್ ಅವರ ಮಾತೂ ಅರ್ಧ ದಾರಿಗೆ ನಿಲ್ಲುತ್ತದೆ, ಏಕೆಂದರೆ ಬೆಳೆಯಲಿರುವ ಗಂಟೂ ಬೆಳೆಯದ ಗಂಟೂ ಮೊದಲ ದಿನ ಒಂದೇ ಥರ ಸುಮ್ಮನಿರುತ್ತವೆ. ರೋಗ ಎಂಬುದು ಒಬ್ಬ ಮನುಷ್ಯನ ಕಾಲದ ಮೇಲೆ ಕೊಡುವ ತೀರ್ಪು. ಕಾಲ ಸರಿಯದೆ ಅದನ್ನು ಕೊಡಲು ಬರುವುದಿಲ್ಲ.

ಇಲ್ಲಿ ಜ್ಞಾನದ ಒಂದು ಸಿಕ್ಕು ಎದುರಾಗುತ್ತದೆ. ಬೇಡದ ಆಪರೇಷನ್ ಮಾಡಿಸಿಕೊಂಡವರು ಯಾರು ಎಂದು ಯಾವ ಒಬ್ಬ ರೋಗಿಯಲ್ಲೂ ತೋರಿಸಲಾಗದು. ಗಂಟು ಹೋಯಿತು, ಜೀವ ಉಳಿಯಿತು. ರೋಗಿ ಕೈಮುಗಿಯುತ್ತಾನೆ, ವೈದ್ಯನಿಗೂ ಸಮಾಧಾನ. ಗಂಟು ಏನೂ ಮಾಡುತ್ತಿರಲಿಲ್ಲ ಎಂಬ ಇನ್ನೊಂದು ಬದುಕು ಇಬ್ಬರಿಗೂ ಕಾಣಿಸುವುದಿಲ್ಲ. ಆಪರೇಷನ್ ಎಷ್ಟು ಅನವಶ್ಯಕವಾಗಿತ್ತೋ ಫಲಿತಾಂಶ ಅಷ್ಟು ಚೆನ್ನಾಗಿರುತ್ತದೆ, ಕೃತಜ್ಞತೆಯೂ ಅಷ್ಟೇ ದೊಡ್ಡದಾಗಿರುತ್ತದೆ. ಆದ್ದರಿಂದ ಈ ವಿಷಯದಲ್ಲಿ ಪ್ರತ್ಯಕ್ಷ ಅನುಭವ ಪ್ರಮಾಣವಾಗಲಾರದು, ಸಮೂಹದ ಲೆಕ್ಕವೊಂದೇ ಗತಿ. ದಕ್ಷಿಣ ಕೊರಿಯಾದಲ್ಲಿ ಆ ಲೆಕ್ಕ ಕಣ್ಣಿಗೆ ಹೊಡೆಯುವಂತೆ ಸಿಕ್ಕಿತು. 1999ರಲ್ಲಿ ಸರ್ಕಾರ ಬೇರೆ ಕ್ಯಾನ್ಸರ್‌ಗಳ ತಪಾಸಣೆ ಆರಂಭಿಸಿದಾಗ ಆಸ್ಪತ್ರೆಗಳು ಸಣ್ಣ ಶುಲ್ಕಕ್ಕೆ ಥೈರಾಯ್ಡ್ ಸ್ಕ್ಯಾನನ್ನೂ ಸೇರಿಸಿ ಕೊಟ್ಟವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರ 15 ಪಟ್ಟಾಗಿ, ಒಂದೇ ವರ್ಷದಲ್ಲಿ 40,000ಕ್ಕೂ ಹೆಚ್ಚು ಜನ ರೋಗಿಗಳಾದರು. ಸಾವಿನ ಪ್ರಮಾಣ ಕದಲಲಿಲ್ಲ. 2014ರಲ್ಲಿ ಇದು ಬಯಲಾಗಿ ಅಲ್ಲಿನ ಕೆಲವು ವೈದ್ಯರೇ ಬಹಿರಂಗವಾಗಿ ತಪಾಸಣೆಯನ್ನು ವಿರೋಧಿಸಿದ ಮೇಲೆ, ಆಪರೇಷನ್‌ಗಳು ಸುಮಾರು ಒಂದು ವರ್ಷದಲ್ಲಿ ಮೂರನೇ ಒಂದರಷ್ಟು ಕುಸಿದವು. ನಮ್ಮ ನೆರೆಯ ಕೇರಳದಲ್ಲೂ ಥೈರಾಯ್ಡ್ ಕ್ಯಾನ್ಸರ್ ದಾಖಲಾಗುವ ಪ್ರಮಾಣ ದೇಶದ ಬೇರೆಡೆಗಿಂತ ಹೆಚ್ಚು. ಅಲ್ಲಿನದನ್ನು ಅಧ್ಯಯನ ಮಾಡಿದವರು ಬೆರಳು ತೋರಿಸುವುದು ಹೆಚ್ಚಾದ ಸ್ಕ್ಯಾನಿಂಗ್ ಕಡೆಗೆ.

2016ರಲ್ಲಿ ಇನ್ನೂ ಮುಂದಿನ ಹೆಜ್ಜೆ ಇಡಲಾಯಿತು. ಪಿಟ್ಸ್‌ಬರ್ಗ್‌ನ ಯೂರಿ ನಿಕಿಫೊರೊವ್ ಮುಂದಾಳತ್ವದಲ್ಲಿ ಏಳು ದೇಶಗಳ ರೋಗಶಾಸ್ತ್ರಜ್ಞರು, ತನ್ನ ಹೊದಿಕೆ ದಾಟದ ಒಂದು ಬಗೆಯ ಪ್ಯಾಪಿಲರಿ ಗಡ್ಡೆ ಇದ್ದ 109 ಜನರ ಹತ್ತರಿಂದ ಇಪ್ಪತ್ತಾರು ವರ್ಷಗಳ ದಾಖಲೆ ನೋಡಿ, ಎಲ್ಲರೂ ರೋಗವಿಲ್ಲದೆ ಬದುಕಿರುವುದನ್ನು ಕಂಡು, ಆ ಗಡ್ಡೆಯನ್ನು ಕ್ಯಾನ್ಸರ್ ಪಟ್ಟಿಯಿಂದಲೇ ತೆಗೆದರು. ನಿನ್ನೆ ಕ್ಯಾನ್ಸರ್ ಇದ್ದವರಿಗೆ ಇವತ್ತು ಇಲ್ಲ. ದೇಹದಲ್ಲಿ ಒಂದು ಕೋಶವೂ ಬದಲಾಗಿಲ್ಲ. ಹಾಗೆಂದು ಹೆಸರೆಲ್ಲ ಬರೀ ಕಲ್ಪನೆ ಎಂದುಕೊಳ್ಳಬೇಕಿಲ್ಲ. ಹೆಸರು ಬದಲಿಸುವ ಅಧಿಕಾರ ಬಂದದ್ದು ಆ 109 ಜನ ಬದುಕಿ ತೋರಿಸಿದ್ದರಿಂದ.

ಕೊಯ್ಯದೇ ಇರುವುದು ಏನೂ ಮಾಡದಿರುವುದೇ ಎಂಬ ಆಕ್ಷೇಪಣೆ ಮಿಯಾವುಚಿ ಅವರ ಕ್ರಮಕ್ಕೆ ಮೊದಲಿನಿಂದ ಇದೆ. ಕರ್ಮ, ಅಕರ್ಮಗಳನ್ನು ಬೇರ್ಪಡಿಸುವುದು ಪಂಡಿತರಿಗೂ ಕಷ್ಟ ಎಂಬ ಗೀತೆಯ ನಾಲ್ಕನೆಯ ಅಧ್ಯಾಯದ ಚರ್ಚೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊರಗಿನಿಂದ ನಿಷ್ಕ್ರಿಯತೆ ಎನಿಸಿದ್ದು ಒಳಗೆ ಕರ್ಮವೇ ಆಗಿರಬಹುದು. ವರ್ಷ ವರ್ಷ ತಪ್ಪದೆ ಕರೆದು, ಗಂಟನ್ನು ಅಳೆದು, ಹಿಂದಿನ ಚಿತ್ರದೊಡನೆ ಹೋಲಿಸಿ, ರೋಗಿಯ ಭಯವನ್ನು ಕೇಳಿಸಿಕೊಂಡು, ಇನ್ನೂ ಬೇಡ ಎಂದು ಹೇಳುವುದಕ್ಕೆ ಒಂದೂವರೆ ಗಂಟೆಯ ಆಪರೇಷನ್‌ಗಿಂತ ಹೆಚ್ಚು ದುಡಿಮೆ ಬೇಕು. ಕರೆಯದೆ ಬಿಟ್ಟರೆ ಅದು ಬರೀ ಉಪೇಕ್ಷೆ. ಆಯುರ್ವೇದವು ಸಾಧ್ಯ, ಅಸಾಧ್ಯಗಳ ನಡುವೆ ಯಾಪ್ಯ ಎಂಬ ಮೂರನೆಯ ವರ್ಗವನ್ನು ಇಟ್ಟಿತ್ತು: ಕಿತ್ತೊಗೆಯಲಾಗದ, ಕೊಲ್ಲದಂತೆ ನಡೆಸಿಕೊಂಡು ಹೋಗಬೇಕಾದ ರೋಗ. ಕೋಬೆಯ ಗಂಟು ಅದರೊಳಗೂ ಸರಿಯಾಗಿ ಕೂರುವುದಿಲ್ಲ, ಏಕೆಂದರೆ ಇದು ಕೀಳಬಹುದಾದದ್ದು. ಕೀಳದೇ ಇರುವುದು ಆಯ್ಕೆ. ಹಳೆಯ ವರ್ಗೀಕರಣಗಳು ವೈದ್ಯನ ಶಕ್ತಿಯ ಮಿತಿಯನ್ನು ನೋಡಿದವು. ಶಕ್ತಿ ಇದ್ದೂ ತಡೆದುಕೊಳ್ಳುವ ಸಂದರ್ಭ ಅವುಗಳ ಕಣ್ಣಮುಂದೆ ಇರಲಿಲ್ಲ.

ತಡೆದುಕೊಳ್ಳುವುದು ಇನ್ನೂ ಹಿಂದಕ್ಕೆ ಹೋಗಿ ನೋಡದೇ ಇರುವುದಾದರೆ? 2011ರ ಅಣುದುರಂತದ ನಂತರ ಫುಕುಶಿಮಾದಲ್ಲಿ ಮೊದಲ ಸುತ್ತಿನಲ್ಲೇ ಸುಮಾರು 3 ಲಕ್ಷ ಮಕ್ಕಳು, ಹದಿಹರೆಯದವರ ಥೈರಾಯ್ಡ್ ಸ್ಕ್ಯಾನ್ ಮಾಡಲಾಯಿತು. ನೂರಕ್ಕೂ ಹೆಚ್ಚು ಕ್ಯಾನ್ಸರ್ ಸಿಕ್ಕವು. ಅದು ವಿಕಿರಣದ ಫಲವೇ, ಹುಡುಕಿದ್ದರ ಫಲವೇ ಎಂಬ ವಾದ ನಡೆಯಿತು. ಬಹುತೇಕ ತಜ್ಞ ಸಮಿತಿಗಳು ಎರಡನೆಯದರ ಕಡೆ ವಾಲಿದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ, ಅಣು ಅಪಘಾತದ ನಂತರವೂ ಇಡೀ ಜನಸಮುದಾಯವನ್ನು ಹೀಗೆ ಜಾಲಾಡಬಾರದು ಎಂದು ಸಲಹೆ ಕೊಟ್ಟಿತು. ಅಜ್ಞಾನವೇ ದುಃಖದ ಮೂಲ ಎಂದು ಕಲಿತ ಸಂಸ್ಕೃತಿಗೆ ಈ ಸಲಹೆ ಇರುಸುಮುರುಸು ಉಂಟುಮಾಡುತ್ತದೆ. ಆದರೆ ಉಪನಿಷತ್ತುಗಳು ಬಿಡುಗಡೆ ಕೊಡುವ ಅರಿವಿನ ಬಗ್ಗೆ ಮಾತಾಡಿದವು. ಸ್ಕ್ಯಾನ್ ಚೀಟಿ ಕೊಡುವುದು ಮುಂದೇನೆಂದು ಹೇಳದ ಮಾಹಿತಿ. ಹದಿನಾಲ್ಕರ ಹುಡುಗಿಗೆ ಅದು ಗೊತ್ತಾದ ದಿನದಿಂದ ಅವಳು ಕ್ಯಾನ್ಸರ್ ಇರುವವಳು. ಗೊತ್ತಾದದ್ದನ್ನು ಗೊತ್ತಿಲ್ಲದಂತೆ ಮಾಡಲು ಬರುವುದಿಲ್ಲ.

ಇದೆಲ್ಲ ಥೈರಾಯ್ಡಿನ ಎಲ್ಲ ಕ್ಯಾನ್ಸರ್‌ಗೂ ಹೊಂದುವ ಮಾತಲ್ಲ. ಅದೇ ಗ್ರಂಥಿಯಲ್ಲಿ ಹುಟ್ಟುವ ಅನಾಪ್ಲಾಸ್ಟಿಕ್ ಕ್ಯಾನ್ಸರ್ ಹಲವರನ್ನು ತಿಂಗಳುಗಳಲ್ಲೇ ಮುಗಿಸುತ್ತದೆ. ಸಣ್ಣ ಪ್ಯಾಪಿಲರಿ ಗಂಟೇ ಆದರೂ ಶ್ವಾಸನಾಳಕ್ಕೆ ಅಥವಾ ಧ್ವನಿಯ ನರಕ್ಕೆ ತಾಗಿದ್ದರೆ ಮಿಯಾವುಚಿ ಅವರ ಕ್ರಮದಲ್ಲೂ ಕಾಯುವಂತಿಲ್ಲ. ಸತ್ಕಾರ್ಯವಾದ ಅಕ್ಷರಶಃ ಗೆಲ್ಲುವ ಒಂದು ಪ್ರಕಾರವೂ ಇದೆ. ಮೆಡ್ಯುಲರಿ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಆ ಮನೆತನಗಳಲ್ಲಿ ಹಲವರಿಗೆ ಪ್ಯಾರಾಥೈರಾಯ್ಡ್ ಕಾಯಿಲೆಯೂ ಜೊತೆಗೆ ಬರುತ್ತದೆ. ಇದಕ್ಕೆ ರೆಟ್ ಎಂಬ ಜೀನಿನ ದೋಷ ಕಾರಣವೆಂದು ಪತ್ತೆಯಾದದ್ದು 1993ರಲ್ಲಿ, ಕೋಬೆಯಲ್ಲಿ ಕಾಯುವ ಪ್ರಯೋಗ ಆರಂಭವಾದ ವರ್ಷವೇ. ದೋಷ ಇರುವ ಮಗುವಿಗೆ ಗಂಟಿಲ್ಲ, ಕ್ಯಾನ್ಸರ್ ಇಲ್ಲ, ಇಡೀ ಗ್ರಂಥಿ ನಿರ್ಮಲ. ಆದರೂ ದೋಷದ ಬಗೆ ನೋಡಿ, ಐದು ವರ್ಷದೊಳಗೆ, ತೀರ ಕೆಟ್ಟ ಬಗೆಯಾದರೆ ಹುಟ್ಟಿದ ವರ್ಷದೊಳಗೇ, ಥೈರಾಯ್ಡ್ ತೆಗೆಯುತ್ತಾರೆ. ಮಗುವಿನ ಪ್ಯಾರಾಥೈರಾಯ್ಡ್ ಇನ್ನೂ ಚಿಕ್ಕದು, ಬಣ್ಣವೂ ಮಸುಕು; ಉಳಿಸುವುದು ದೊಡ್ಡವರಲ್ಲಿಗಿಂತ ಕಷ್ಟ. ಹೀಗೆ ಒಂದೇ ವರ್ಷದಲ್ಲಿ, ಒಂದೇ ಗ್ರಂಥಿಯ ಬಗ್ಗೆ, ಇಲ್ಲದ ಕ್ಯಾನ್ಸರನ್ನು ಕೊಯ್ಯಲೂ ಇರುವ ಕ್ಯಾನ್ಸರನ್ನು ಬಿಡಲೂ ಎರಡು ಬೇರೆ ಸಂಶೋಧನೆಗಳು ಕಾರಣ ಕೊಟ್ಟವು. ಎರಡೂ ಸರಿ. ಒಂದರಲ್ಲಿ ಕಾರಣದಿಂದ ಕಾರ್ಯಕ್ಕೆ ಹೋಗುವ ದಾರಿ ನೇರ. ಇನ್ನೊಂದರಲ್ಲಿ ದಾರಿ ಇದೆಯೇ ಎಂಬುದೇ ಗೊತ್ತಾಗದು.

ಜಪಾನಿನ ಮಾರ್ಗಸೂಚಿಗಳು ಕಾದು ನೋಡುವುದನ್ನು ಒಪ್ಪಿಕೊಂಡಿವೆ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ ಅದನ್ನು ಒಂದು ಆಯ್ಕೆಯೆಂದು ಅಂಗೀಕರಿಸಿತು. ಒಂದು ಸೆಂಟಿಮೀಟರ್ ಒಳಗಿನ ಗಂಟಿಗೆ ಸಾಮಾನ್ಯವಾಗಿ ಸೂಜಿಯನ್ನೂ ಚುಚ್ಚಬೇಕಿಲ್ಲ ಎಂದಿತು. ಕಾಯುವವರ ಪೈಕಿ ಮುಂದೆ ಯಾರ ಗಂಟು ಬೆಳೆಯುತ್ತದೆ ಎಂದು ಮೊದಲ ದಿನವೇ ಖಚಿತವಾಗಿ ಹೇಳುವ ಜೀನ್ ಪರೀಕ್ಷೆ ಈವರೆಗೆ ಸಿಕ್ಕಿಲ್ಲ. ಅದಕ್ಕಿಂತ ಕಷ್ಟದ ಪ್ರಶ್ನೆ, ಇಪ್ಪತ್ತು ವರ್ಷ ಒಂದೇ ಅಳತೆಯಲ್ಲಿ ಉಳಿದ ಗಂಟಿನೊಡನೆ ಎಂಬತ್ತು ದಾಟಿದವರನ್ನು ಇನ್ನೂ ಪ್ರತಿ ವರ್ಷ ಸ್ಕ್ಯಾನಿಗೆ ಕರೆಯಬೇಕೇ ಎಂಬುದು. ನಿಲ್ಲಿಸುವುದಾದರೆ ಅವರಿಗೆ ಕ್ಯಾನ್ಸರ್ ಇದೆ ಎಂದು ಹೇಳಿ ನಿಲ್ಲಿಸಬೇಕೇ, ಇಲ್ಲವೆಂದೇ ಎಂಬುದನ್ನು ಸದ್ಯಕ್ಕೆ ಪ್ರತಿಯೊಬ್ಬ ವೈದ್ಯನೂ ತನ್ನ ಮುಂದೆ ಕೂತ ರೋಗಿಯೊಡನೆ ಮಾತಾಡಿ ತೀರ್ಮಾನಿಸುತ್ತಿದ್ದಾನೆ.